ವಿಲ್ಲಿಸ್ ಎಂಬಿ ಜೀಪಿನ ಐಡ್ಲಿಂಗ್ ಕುಂಟುತ್ತಿದ್ದರೆ: ಕಾರ್ಬ್ಯುರೇಟರ್ ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಗೇರ್ ನ್ಯೂಟ್ರಲ್‌ನಲ್ಲಿದೆ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಅಂದರೆ ಐಡ್ಲಿಂಗ್. ಇಂಜಿನ್ ಒಂದೇ ಸಮನೆ ತಿರುಗುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಆಗಾಗ ಮಿಸ್ ಹೊಡೆಯುತ್ತದೆ, ಕೊನೆಗೆ ಆಫ್ ಆಗುತ್ತದೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತದೆ. 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳಲ್ಲಿ ಇದು ಬಹಳ ಸಾಮಾನ್ಯವಾದ ದೂರು. ಎರಡಕ್ಕೂ ಇರುವುದು ಒಂದೇ ಇಂಜಿನ್: 134 ಘನ ಇಂಚಿನ, ಅಂದರೆ ಸುಮಾರು 2.2 ಲೀಟರ್‌ನ, ನಾಲ್ಕು ಸಿಲಿಂಡರ್‌ಗಳ ಸೈಡ್ ವಾಲ್ವ್ (ವಾಲ್ವ್‌ಗಳು ಹೆಡ್‌ನಲ್ಲಲ್ಲ, ಬ್ಲಾಕ್‌ನಲ್ಲಿ ಸಿಲಿಂಡರ್ ಪಕ್ಕದಲ್ಲಿರುವ) ಇಂಜಿನ್. ಕಾರ್ಬ್ಯುರೇಟರ್ ಕೂಡ ಒಂದೇ, ಕಾರ್ಟರ್ ಡಬ್ಲ್ಯೂಒ 539-ಎಸ್. ಕೆಳಗೆ ಕೊಟ್ಟಿರುವ ಅಳತೆಗಳು ಈ ಜೋಡಿಗೆ ಸಂಬಂಧಿಸಿದವು. ಹುಡುಕುವ ಕ್ರಮ ಮಾತ್ರ ಆ ಕಾಲದ ಯಾವ ಪೆಟ್ರೋಲ್ ಮಿಲಿಟರಿ ವಾಹನಕ್ಕಾದರೂ ನಡೆಯುತ್ತದೆ.

ಐಡ್ಲಿಂಗ್ ಕೆಟ್ಟ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಕಾರ್ಬ್ಯುರೇಟರ್‌ಗೆ ಕೈ ಹಾಕುವುದೇ ಮೊದಲ ತಪ್ಪು. ಇಂಥ ದೂರುಗಳಲ್ಲಿ ದೊಡ್ಡ ಪಾಲು ಕಾರ್ಬ್ಯುರೇಟರ್‌ನ ಹೊರಗೇ ಮುಗಿಯುತ್ತದೆ: ಸವೆದ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಂಪರ್ಕ), ಬಿಗಿಯಾದ ಟ್ಯಾಪೆಟ್ (ವಾಲ್ವನ್ನು ಎತ್ತುವ ಭಾಗ), ಗಾಳಿ ಎಳೆಯುವ ಗ್ಯಾಸ್ಕೆಟ್. ಇವನ್ನು ಬಿಟ್ಟು ಮಿಕ್ಸ್‌ಚರ್ ಸ್ಕ್ರೂ (ಐಡ್ಲಿಂಗ್‌ನ ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ತಿರುಪು) ತಿರುಗಿಸುತ್ತ ಕೂತರೆ ಇದ್ದ ಒಂದು ದೋಷದ ಜೊತೆಗೆ ಇನ್ನೊಂದು ಸೇರುತ್ತದೆ, ಆಮೇಲೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಐಡ್ಲಿಂಗ್‌ನಲ್ಲಿ ಮಾತ್ರ ಏಕೆ?

ಈ ಇಂಜಿನ್‌ನ ಐಡಲ್ ವೇಗ ನಿಮಿಷಕ್ಕೆ 600 ಸುತ್ತು. ಆಗ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ತಟ್ಟೆಯ ಮೇಲೆ ವೆಂಚುರಿಯಲ್ಲಿ (ಕಾರ್ಬ್ಯುರೇಟರ್ ಕೊಳವೆಯ ಕಿರಿದಾದ ಭಾಗದಲ್ಲಿ) ಗಾಳಿಯ ಓಟ ತೀರಾ ಕಡಿಮೆ, ಆದ್ದರಿಂದ ಮೇನ್ ನಾಜಲ್‌ನಿಂದ ಪೆಟ್ರೋಲ್ ಬರುವುದೇ ಇಲ್ಲ. ತಟ್ಟೆಯ ಕೆಳಗೆ ಮಾತ್ರ ವ್ಯಾಕ್ಯೂಮ್ ಜೋರಾಗಿರುತ್ತದೆ. ಆ ಎಳೆತಕ್ಕೆ ಪೆಟ್ರೋಲ್ ಬೌಲ್‌ನಿಂದ ಐಡಲ್ ಜೆಟ್ ಮೂಲಕ ಅಳತೆಯಾಗಿ ಬಂದು, ದಾರಿಯಲ್ಲಿ ಸಣ್ಣ ರಂಧ್ರಗಳಿಂದ ಗಾಳಿ ಬೆರೆಸಿಕೊಂಡು, ತಟ್ಟೆಯ ಅಂಚಿನ ಬಳಿಯ ಸೀಳಿನಿಂದಲೂ ಅದರ ಕೆಳಗೆ ಮಿಕ್ಸ್‌ಚರ್ ಸ್ಕ್ರೂ ಕಾಯುವ ರಂಧ್ರದಿಂದಲೂ ಹೊರಬರುತ್ತದೆ.

ಇಂಜಿನ್ ಆ ಹೊತ್ತಿಗೆ ಎಳೆಯುವ ಗಾಳಿಯೇ ಅಲ್ಪ. ಶಾಫ್ಟ್ ಪಕ್ಕದಿಂದಲೋ ಗ್ಯಾಸ್ಕೆಟ್‌ನಿಂದಲೋ ಕದ್ದು ನುಗ್ಗುವ ಗಾಳಿ ಎಷ್ಟೇ ಸಣ್ಣದಿರಲಿ, ಒಟ್ಟು ಗಾಳಿಯಲ್ಲಿ ಅದರ ಪಾಲು ದೊಡ್ಡದು. ಥ್ರಾಟಲ್ ತೆರೆದಾಗ ಒಟ್ಟು ಗಾಳಿ ಹಲವು ಪಟ್ಟು ಏರುತ್ತದೆ, ವ್ಯಾಕ್ಯೂಮ್ ಇಳಿಯುತ್ತದೆ, ಕಳ್ಳಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಮೊದಲ ಸುಳಿವು ಇದು: ವೇಗ ಏರಿಸಿದ ಕೂಡಲೇ ಪೂರ್ತಿ ಸರಿಹೋದರೆ ಗಾಳಿ ಸೋರಿಕೆ ಅಥವಾ ಐಡಲ್ ದಾರಿಯ ದೋಷ, ವೇಗ ಏರಿಸಿದರೂ ಮಿಸ್ ಹೊಡೆಯುತ್ತಿದ್ದರೆ ಇಗ್ನಿಷನ್ ಅಥವಾ ವಾಲ್ವ್.

ಕೈ ಹಾಕುವ ಮುನ್ನ

ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿರಲಿ. ಸೈಡ್ ವಾಲ್ವ್ ಇಂಜಿನ್‌ನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಪಕ್ಕದಲ್ಲಿ, ಒಂದಕ್ಕೊಂದು ಬೋಲ್ಟ್ ಆಗಿರುತ್ತವೆ. ಕಾರ್ಬ್ಯುರೇಟರ್‌ನಿಂದ ಸೋರಿದ ಪೆಟ್ರೋಲ್ ನೇರ ಬಿಸಿ ಎರಕದ ಮೇಲೆ ಬೀಳುತ್ತದೆ. ಎಲ್ಲಾದರೂ ತೇವ ಕಂಡರೆ ಸ್ಪಾರ್ಕ್ ಪರೀಕ್ಷೆ ಮಾಡಬೇಡಿ, ಮೊದಲು ಸೋರಿಕೆ ನಿಲ್ಲಿಸಿ.

ಇಂಜಿನ್ ಪೂರ್ತಿ ಬಿಸಿಯಾಗಲಿ, ನೀರಿನ ಉಷ್ಣತೆ 70ರಿಂದ 80 ಡಿಗ್ರಿ ಸೆಲ್ಸಿಯಸ್. ತಣ್ಣಗಿರುವಾಗ ಮಾಡಿದ ಹೊಂದಾಣಿಕೆ ಬಿಸಿಯಾದ ಮೇಲೆ ನಿಲ್ಲುವುದಿಲ್ಲ. ಚೋಕ್ ಗುಂಡಿ ಪೂರ್ತಿ ಒಳಗಿದೆ ಎಂದ ಮಾತ್ರಕ್ಕೆ ಚೋಕ್ ತಟ್ಟೆ ಪೂರ್ತಿ ತೆರೆದಿದೆ ಎಂದಲ್ಲ. ಕೇಬಲ್ ಹಿಡಿದುಕೊಂಡು ತಟ್ಟೆ ಅರೆಬರೆ ನಿಂತಿರುವುದುಂಟು. ಏರ್ ಕ್ಲೀನರ್‌ನಿಂದ ಬರುವ ಪೈಪ್ ಕಳಚಿ ಕಣ್ಣಾರೆ ನೋಡಿ. ಕೈ ಥ್ರಾಟಲ್ ಗುಂಡಿಯೂ ಪೂರ್ತಿ ಒಳಗಿರಬೇಕು, ಥ್ರಾಟಲ್ ಲಿವರ್ ತನ್ನ ಸ್ಟಾಪ್ ಸ್ಕ್ರೂಗೆ ಬಂದು ತಾಗಬೇಕು.

ಪೈಪ್ ಕಳಚಿದಾಗಲೇ ಇನ್ನೊಂದು ಪರೀಕ್ಷೆ ಮುಗಿಸಿಬಿಡಿ. ಪೈಪ್ ಇಲ್ಲದೆ ಐಡ್ಲಿಂಗ್ ಸುಧಾರಿಸಿದರೆ ಆಯಿಲ್ ಬಾತ್ ಏರ್ ಕ್ಲೀನರ್‌ನಲ್ಲಿ ಎಣ್ಣೆ ಗುರುತು ಮೀರಿದೆ, ಇಲ್ಲವೇ ಕೆಸರಾಗಿ ಗಟ್ಟಿಯಾಗಿದೆ. ತೊಳೆದು ಗುರುತಿನವರೆಗೆ ಹೊಸ ಎಣ್ಣೆ ಹಾಕಿದರೆ ಸಾಕು.

ಫೈರ್‌ವಾಲ್ ಮೇಲಿನ ಪೆಟ್ರೋಲ್ ಫಿಲ್ಟರ್‌ನ ಅಡಿಯ ಪ್ಲಗ್ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಹಿಡಿಯಿರಿ. ತಳದಲ್ಲಿ ನೀರಿನ ಹನಿ ಅಥವಾ ತುಕ್ಕಿನ ಪುಡಿ ಕಂಡರೆ ಟ್ಯಾಂಕ್‌ನಿಂದಲೇ ಶುಚಿ ಆಗಬೇಕು. ಇಲ್ಲದಿದ್ದರೆ ಕಾರ್ಬ್ಯುರೇಟರ್ ಎಷ್ಟು ಸಲ ತೊಳೆದರೂ ಕಸ ಮತ್ತೆ ಬಂದು ಐಡಲ್ ಜೆಟ್‌ನಲ್ಲೇ ಕೂರುತ್ತದೆ, ಇಡೀ ಕಾರ್ಬ್ಯುರೇಟರ್‌ನ ಅತಿ ಕಿರಿದಾದ ದಾರಿಗಳಲ್ಲಿ ಅದೂ ಒಂದು.

ಮೊದಲು ಕಿಡಿ

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಹೊತ್ತುವ ಸರದಿ, 1-3-4-2. ವೈರ್‌ಗಳು ಅದಲುಬದಲಾಗಿದ್ದರೆ ಇಂಜಿನ್ ಹೇಗೋ ಓಡಬಹುದು, ಐಡಲ್ ಮಾತ್ರ ಸ್ಥಿರವಾಗುವುದಿಲ್ಲ. ಪ್ಲಗ್ ಗ್ಯಾಪ್ 0.030 ಇಂಚು, ಪಾಯಿಂಟ್ ಗ್ಯಾಪ್ 0.020 ಇಂಚು. ಪಾಯಿಂಟ್‌ಗಳ ಮುಖದ ಮೇಲೆ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳಕೆ ಎದ್ದಿದ್ದರೆ ಫೀಲರ್ ಗೇಜ್ ಸುಳ್ಳು ಹೇಳುತ್ತದೆ. ಮೊಳಕೆಯ ತುದಿಗೆ ತಾಗಿ 0.020 ತೋರಿಸಿದರೂ ನಿಜವಾದ ಅಂತರ ಹೆಚ್ಚಿರುತ್ತದೆ. ಅಂಥ ಪಾಯಿಂಟ್‌ಗಳನ್ನು ಉಜ್ಜಿ ಉಳಿಸುವ ಬದಲು ಕಂಡೆನ್ಸರ್ ಸಮೇತ ಬದಲಿಸುವುದೇ ಲೇಸು.

ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಬೆರಳಿನಿಂದ ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಬುಶ್ ಸವೆದಿದ್ದರೆ ಶಾಫ್ಟ್ ಓಲಾಡಿ ಒಂದೊಂದು ಸಿಲಿಂಡರ್‌ಗೂ ಪಾಯಿಂಟ್ ಗ್ಯಾಪ್ ಬೇರೆಬೇರೆಯಾಗುತ್ತದೆ. ಟೈಮಿಂಗ್ ಲೈಟ್ ಹಿಡಿದಾಗ ಗುರುತು ಒಂದೇ ಕಡೆ ನಿಲ್ಲದೆ ನಡುಗುವುದು ಇದಕ್ಕೆ ಸಾಕ್ಷಿ. ಟೈಮಿಂಗ್ ಟಿಡಿಸಿಗೆ (ಪಿಸ್ಟನ್ ಅತಿ ಮೇಲೆ ತಲುಪುವ ಬಿಂದು) 5 ಡಿಗ್ರಿ ಮುಂಚೆ ಇರಬೇಕು. ಟೈಮಿಂಗ್ ತಡವಾಗಿದ್ದರೆ ಏನಾಗುತ್ತದೆ ಎಂಬುದನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ: ಇಂಜಿನ್ ಸೊರಗುತ್ತದೆ, ಅದನ್ನು ನಿಲ್ಲದಂತೆ ಹಿಡಿಯಲು ನಾವು ಐಡಲ್ ಸ್ಪೀಡ್ ಸ್ಕ್ರೂ ಒಳಗೆ ತಿರುಗಿಸುತ್ತೇವೆ, ಥ್ರಾಟಲ್ ತಟ್ಟೆ ಇರಬೇಕಾದುದಕ್ಕಿಂತ ಹೆಚ್ಚು ತೆರೆದು ನಿಲ್ಲುತ್ತದೆ.

ಈ ಜೀಪುಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟ್. ಐಡ್ಲಿಂಗ್‌ನಲ್ಲಿ ಡೈನಮೋ ಚಾರ್ಜ್ ಮಾಡುವುದಿಲ್ಲ, ಕಾಯಿಲ್ ಬ್ಯಾಟರಿಯನ್ನೇ ನಂಬಿರುತ್ತದೆ. ಬ್ಯಾಟರಿ ಸೊರಗಿದ್ದರೆ, ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೆ, ಇಗ್ನಿಷನ್ ಸ್ವಿಚ್ ಒಳಗೆ ಕರಕಲಾಗಿದ್ದರೆ ಕಿಡಿ ಮಂಕಾಗುವುದು ಐಡ್ಲಿಂಗ್‌ನಲ್ಲೇ. ಇಂಜಿನ್ ನಿಂತು, ಇಗ್ನಿಷನ್ ಆನ್ ಇದ್ದು, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಅರ್ಧ ವೋಲ್ಟ್ ದಾರಿಯಲ್ಲಿ ಕಳೆದುಹೋದರೂ 6 ವೋಲ್ಟ್‌ನಲ್ಲಿ ಅದು ದೊಡ್ಡ ನಷ್ಟ. ಬ್ಯಾಟರಿ ಟರ್ಮಿನಲ್‌ನಿಂದ ಕಾಯಿಲ್‌ವರೆಗೆ ಒಂದೊಂದು ಜೋಡಣೆಯ ಎರಡೂ ಬದಿಗೆ ಮೀಟರ್ ಇಟ್ಟು ಎಲ್ಲಿ ಕಳೆಯುತ್ತಿದೆ ನೋಡಿ.

ಮಿಲಿಟರಿ ವಾಹನಕ್ಕೇ ವಿಶೇಷವಾದ ಒಂದು ಸಂಗತಿ ಇದೆ. ವೈರ್‌ಲೆಸ್ ಸೆಟ್‌ಗೆ ಗದ್ದಲ ಆಗದಿರಲೆಂದು ಪ್ಲಗ್ ವೈರ್‌ಗಳಿಗೆ ಸಪ್ರೆಸರ್‌ಗಳನ್ನೂ (ಗದ್ದಲ ತಗ್ಗಿಸುವ ರೆಸಿಸ್ಟರ್) ಇಗ್ನಿಷನ್ ಸರ್ಕ್ಯೂಟ್‌ಗೆ ಫಿಲ್ಟರನ್ನೂ ಹಾಕಿರುತ್ತಾರೆ. ಎಂಬತ್ತು ವರ್ಷ ಹಳೆಯ ಸಪ್ರೆಸರ್ ಒಳಗೆ ಬಿರುಕು ಬಿಟ್ಟು ರೆಸಿಸ್ಟೆನ್ಸ್ ವಿಪರೀತ ಏರಿರುತ್ತದೆ. ನಾಲ್ಕನ್ನೂ ಓಮ್ ಮೀಟರ್‌ನಲ್ಲಿ ಅಳೆಯಿರಿ. ಒಂದು ಮಾತ್ರ ಉಳಿದ ಮೂರಕ್ಕಿಂತ ಎದ್ದು ಕಾಣುವಷ್ಟು ಬೇರೆ ಇದ್ದರೆ ಅದೇ ಸಿಲಿಂಡರ್ ಮಿಸ್ ಹೊಡೆಯುತ್ತಿರುವುದು. ಫಿಲ್ಟರ್ ಒಳಗಿನ ಕೆಪಾಸಿಟರ್ ಶಾರ್ಟ್ ಆದರೆ ಬಿಸಿಯಾದಾಗ ಕಿಡಿ ಸತ್ತು, ತಣ್ಣಗಾದಾಗ ಮರಳುವುದುಂಟು. ಪರೀಕ್ಷೆಗೆ ಅದನ್ನು ಬೈಪಾಸ್ ಮಾಡಿ ಬ್ಯಾಟರಿಯಿಂದ ಕಾಯಿಲ್‌ಗೆ ನೇರ ವೈರ್ ಕೊಟ್ಟು ನೋಡಬಹುದು.

ಇಷ್ಟಾದ ಮೇಲೆ ಒಂದೊಂದೇ ಸಿಲಿಂಡರ್ ಸಾಯಿಸಿ ನೋಡುವುದು. ಇನ್ಸುಲೇಟೆಡ್ ಇಕ್ಕಳದಿಂದ ಪ್ಲಗ್ ವೈರ್ ಕಿತ್ತು ಬ್ಲಾಕ್‌ಗೆ ತಾಗಿಸಿ ಹಿಡಿಯಿರಿ. ಗಾಳಿಯಲ್ಲಿ ತೇಲಿಸಿಟ್ಟರೆ ಕಾಯಿಲ್ ಒಳಗೆ ಇನ್ಸುಲೇಷನ್ ಸುಡಬಹುದು. ಪ್ರತಿ ಸಲವೂ ವೇಗ ಒಂದೇ ಅಳತೆಗೆ ಇಳಿಯಬೇಕು. ಯಾವುದನ್ನು ಕಿತ್ತಾಗ ಏನೂ ಬದಲಾಗಲಿಲ್ಲವೋ ಅದು ಕೆಲಸ ಮಾಡುತ್ತಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಸುಮ್ಮನಿದ್ದರೆ ಹೆಡ್ ಗ್ಯಾಸ್ಕೆಟ್ ಅವೆರಡರ ನಡುವೆ ಹರಿದಿದೆ, ಇಲ್ಲವೇ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಆ ಕಡೆ ಗಾಳಿ ಎಳೆಯುತ್ತಿದೆ. ನಾಲ್ಕೂ ಸಮವಾಗಿ ಇಳಿದರೆ ದೋಷ ಎಲ್ಲಕ್ಕೂ ಸಾಮಾನ್ಯವಾದ ಕಡೆ, ಅಂದರೆ ಕಾರ್ಬ್ಯುರೇಟರ್ ಅಥವಾ ಟೈಮಿಂಗ್.

ವಾಲ್ವ್ ಮತ್ತು ಕಂಪ್ರೆಷನ್

ಟ್ಯಾಪೆಟ್ ಗ್ಯಾಪ್ ತಣ್ಣಗಿರುವಾಗ ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ 0.014 ಇಂಚು. ಮ್ಯಾನಿಫೋಲ್ಡ್ ಕೆಳಗಿನ ಪಕ್ಕದ ಮುಚ್ಚಳ ತೆಗೆದು ಹೊಂದಿಸಬೇಕಾದ್ದರಿಂದ ಕೈ ಹೋಗುವುದು ಕಷ್ಟ. ಅದಕ್ಕೇ ಹೆಚ್ಚಿನವರು ಈ ಕೆಲಸ ಮುಂದೂಡುತ್ತಾರೆ. ಓವರ್‌ಹೆಡ್ ವಾಲ್ವ್ ಇಂಜಿನ್‌ನಂತೆ ಇಲ್ಲಿ ಟ್ಯಾಪೆಟ್ ಸದ್ದು ಮಾಡಿ ಎಚ್ಚರಿಸುವುದಿಲ್ಲ. ವಾಲ್ವ್ ಸೀಟ್ ಸವೆದಂತೆ ಗ್ಯಾಪ್ ಕಿರಿದಾಗುತ್ತ ಬರುತ್ತದೆ, ಸದ್ದು ಇನ್ನೂ ಕಡಿಮೆಯಾಗುತ್ತದೆ. ತಣ್ಣಗಿದ್ದಾಗ ಐಡ್ಲಿಂಗ್ ಚೆನ್ನಾಗಿದ್ದು, ಬಿಸಿಯಾಗಿ ವಾಲ್ವ್ ಉದ್ದವಾದ ಮೇಲೆ ಒಂದು ಸಿಲಿಂಡರ್ ಮಿಸ್ ಹೊಡೆಯಲು ಶುರುವಾದರೆ ಮೊದಲ ಅನುಮಾನ ಬಿಗಿಯಾದ ಎಕ್ಸಾಸ್ಟ್ ಟ್ಯಾಪೆಟ್ ಮೇಲಿರಲಿ.

ಕಂಪ್ರೆಷನ್ ನೋಡುವಾಗ ನಾಲ್ಕೂ ಪ್ಲಗ್ ತೆಗೆದು ಥ್ರಾಟಲ್ ಪೂರ್ತಿ ತೆರೆದಿಡಿ. 6.48:1 ಅನುಪಾತದ ಈ ಇಂಜಿನ್‌ನಲ್ಲಿ 110 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸು ಒಳ್ಳೆಯ ಲೆಕ್ಕ. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ನಾಲ್ಕೂ 90 ಇದ್ದರೆ ಐಡ್ಲಿಂಗ್ ಸ್ಥಿರವಾಗಿರುತ್ತದೆ. ಮೂರು 110, ಒಂದು 80 ಇದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಸ್ಥಿರವಾಗುವುದಿಲ್ಲ.

ವ್ಯಾಕ್ಯೂಮ್ ಗೇಜ್ ಏನು ಹೇಳುತ್ತದೆ

ಈ ಕೆಲಸಕ್ಕೆ ಒಂದೇ ಉಪಕರಣ ಕೊಳ್ಳುವಿರಾದರೆ ವ್ಯಾಕ್ಯೂಮ್ ಗೇಜ್ ಕೊಳ್ಳಿ. ಇನ್‌ಟೇಕ್ ಮ್ಯಾನಿಫೋಲ್ಡ್‌ನ ಪ್ಲಗ್ ಇದ್ದಲ್ಲಿ ಅಡಾಪ್ಟರ್ ಹಾಕಿ ಜೋಡಿಸಿ. ಸಮುದ್ರಮಟ್ಟದಲ್ಲಿ ಐಡಲ್‌ನಲ್ಲಿ 17ರಿಂದ 21 ಇಂಚು ಪಾದರಸದ ನಡುವೆ ಮುಳ್ಳು ಅಲುಗದೆ ನಿಂತರೆ ಇಂಜಿನ್ ಆರೋಗ್ಯವಾಗಿದೆ. ಎತ್ತರ ಪ್ರತಿ 1000 ಅಡಿಗೆ ಸುಮಾರು 1 ಇಂಚು ಕಳೆಯಿರಿ. 3000 ಅಡಿ ಎತ್ತರದ ಊರಿನಲ್ಲಿ 16 ಇಂಚು ಬಂದರೆ ಅದು ದೋಷವಲ್ಲ.

ಮುಳ್ಳು ನಿಂತಿದೆ, ಆದರೆ ಕೆಳಗೆ ನಿಂತಿದೆ ಎಂದರೆ ಎರಡು ಸಾಧ್ಯತೆ: ಟೈಮಿಂಗ್ ತಡ, ಅಥವಾ ಮ್ಯಾನಿಫೋಲ್ಡ್‌ಗೆ ಗಾಳಿ ಸೋರಿಕೆ. ಟೈಮಿಂಗ್ ತಡವಾದರೆ ಒಂದೆರಡು ಇಂಚು ಕಡಿಮೆಯಾಗುತ್ತದೆ, ಸೋರಿಕೆ ಜೋರಾಗಿದ್ದರೆ 10 ಇಂಚಿಗೂ ಇಳಿದೀತು. ಮುಳ್ಳು ನಿಯಮಿತವಾಗಿ, ತಾಳ ಹಾಕಿದಂತೆ, ಒಂದೇ ಅಳತೆಗೆ ಕುಸಿದು ಮರಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಥವಾ ಒಂದು ಪ್ಲಗ್ ಹೊತ್ತಿಸುತ್ತಿಲ್ಲ. ಅನಿಯಮಿತವಾಗಿ ಆಗೊಮ್ಮೆ ಈಗೊಮ್ಮೆ ಕುಸಿದರೆ ಅಂಟಿಕೊಳ್ಳುವ ವಾಲ್ವ್. ಐಡಲ್‌ನಲ್ಲಿ ವೇಗವಾಗಿ ನಡುಗಿ, ವೇಗ ಏರಿಸಿದಾಗ ಸ್ಥಿರವಾದರೆ ಸವೆದ ವಾಲ್ವ್ ಗೈಡ್. ಮೆಲ್ಲಗೆ, ತೇಲಿದಂತೆ, ನಾಲ್ಕೈದು ಇಂಚಿನೊಳಗೆ ಹೋಗಿಬರುತ್ತಿದ್ದರೆ ಮಾತ್ರ ಮಿಕ್ಸ್‌ಚರ್ ಕಡೆ ನೋಡಿ. ಕಾರ್ಬ್ಯುರೇಟರ್‌ಗೆ ಕೈ ಹಾಕಲು ಅನುಮತಿ ಕೊಡುವುದು ಈ ಕೊನೆಯ ಚಲನೆ.

ಗಾಳಿ ಎಲ್ಲಿಂದ ನುಗ್ಗುತ್ತದೆ

ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವ ರೂಢಿ ಎಲ್ಲೆಡೆ ಇದೆ. ಈ ಇಂಜಿನ್‌ನಲ್ಲಿ ಅದು ಬೇಡ. ಸ್ಪ್ರೇ ಬೀಳುವುದು ಕೆಳಗಿನ ಬಿಸಿ ಎಕ್ಸಾಸ್ಟ್ ಮೇಲೆ. ಬದಲಿಗೆ ಎಣ್ಣೆ ಕ್ಯಾನ್‌ನಲ್ಲಿ ದಪ್ಪ ಗೇರ್ ಆಯಿಲ್ ತುಂಬಿಸಿ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಮ್ಯಾನಿಫೋಲ್ಡ್ ಬಿಸಿಯಾಗುವ ಮುನ್ನ ಒಂದೊಂದೇ ಜೋಡಣೆಯ ಮೇಲೆ ಒಂದೊಂದೇ ಹನಿ ಬಿಡಿ. ಸೋರುತ್ತಿರುವಲ್ಲಿ ಎಣ್ಣೆ ಸೀಳಿನೊಳಕ್ಕೆ ಮಾಯವಾಗುತ್ತದೆ, ಕ್ಷಣಕಾಲ ಐಡ್ಲಿಂಗ್ ತಿದ್ದಿಕೊಳ್ಳುತ್ತದೆ, ಸೈಲೆನ್ಸರ್‌ನಿಂದ ನೀಲಿ ಹೊಗೆಯ ಎಳೆ ಬರುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಎಣ್ಣೆ ಒರೆಸಿಬಿಡಿ.

ಹುಡುಕಬೇಕಾದ ಜಾಗಗಳಲ್ಲಿ ಮೊದಲನೆಯದು ಥ್ರಾಟಲ್ ಶಾಫ್ಟ್‌ನ ಎರಡೂ ತುದಿ. ಇಷ್ಟು ಹಳೆಯ ಡಬ್ಲ್ಯೂಒ ಕಾರ್ಬ್ಯುರೇಟರ್‌ಗಳಲ್ಲಿ ಇದೇ ಮುಖ್ಯ ಅಪರಾಧಿ. ಲಿವರ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಟಕಟಕ ಎನ್ನುವಷ್ಟು ಸಡಿಲ ಸಿಕ್ಕರೆ ಗಾಳಿ ಹೋಗುತ್ತಿದೆ. ಖಚಿತಪಡಿಸಿಕೊಳ್ಳಲು ಶಾಫ್ಟ್ ಸುತ್ತ ಗಟ್ಟಿ ಗ್ರೀಸ್ ಮೆತ್ತಿ ಐಡಲ್ ನೋಡಿ. ಗ್ರೀಸ್ ಇರುವಷ್ಟು ಹೊತ್ತು ಐಡಲ್ ಸ್ಥಿರವಾಗಿದ್ದು, ಒಳಗೆ ಎಳೆದುಕೊಂಡ ಮೇಲೆ ಮತ್ತೆ ಕೆಟ್ಟರೆ ಸಂಶಯವೇ ಬೇಡ. ಹೊಸ ಶಾಫ್ಟ್ ಒಂದನ್ನೇ ಹಾಕುವುದರಿಂದ ಅರ್ಧ ಪರಿಹಾರ. ಬಾಡಿಯ ರಂಧ್ರವೂ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಎರಡೂ ಕಡೆ ಒಂದೇ ನೇರದಲ್ಲಿ ರೀಮ್ ಮಾಡಿ ಕಂಚಿನ ಬುಶ್ ಕೂರಿಸಬೇಕು, ಬುಶ್ ಒಳಗಿನ ಕೊಳವೆಗೆ ಚಾಚಿಕೊಳ್ಳಬಾರದು.

ಎರಡನೆಯದು ಕಾರ್ಬ್ಯುರೇಟರ್ ಬುಡದ ಫ್ಲೇಂಜ್. ಸೋರಿಕೆ ಕಂಡಾಗಲೆಲ್ಲ ನಟ್ ಇನ್ನಷ್ಟು ಬಿಗಿದು ಫ್ಲೇಂಜ್‌ನ ಕಿವಿಗಳು ಬಾಗಿರುತ್ತವೆ. ಬಿಚ್ಚಿ, ನೇರ ಅಂಚಿನ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜ್ ತೂರಿಸಿ. 0.004 ಇಂಚಿನ ಎಲೆ ಒಳಗೆ ಹೋದರೆ ಗಾಜಿನ ಮೇಲೆ ಎಮರಿ ಹಾಳೆ ಅಂಟಿಸಿ ಉಜ್ಜಿ ಸಮ ಮಾಡಿ. ಅಡಿಯ ದಪ್ಪ ಇನ್ಸುಲೇಟರ್ ಬಿಸಿ ತಡೆಯಲು ಇರುವಂಥದ್ದು, ಅದನ್ನು ಬಿಟ್ಟು ತೆಳು ಗ್ಯಾಸ್ಕೆಟ್ ಹಾಕಿ ಮುಗಿಸಬೇಡಿ.

ಮೂರನೆಯದು ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಹಳೆಯದನ್ನು ತೆಗೆಯುವಾಗ ಒಣಗಿದಂತೆಯೇ ಕೆರೆಯಬೇಡಿ. ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುತ್ತದೆ. ನೀರಿನಿಂದ ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಜೋಡಿಸುವಾಗ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಭಾಗಗಳನ್ನು ಒಂದಕ್ಕೊಂದು ಹಿಡಿದ ಬೋಲ್ಟ್‌ಗಳನ್ನು ಸಡಿಲವಾಗಿಟ್ಟು, ಮೊದಲು ಬ್ಲಾಕ್‌ಗೆ ಕೂರಿಸಿ, ಬ್ಲಾಕ್‌ನ ನಟ್‌ಗಳನ್ನು ನಡುವಿನಿಂದ ಅಂಚಿಗೆ ಬಿಗಿದು, ಕೊನೆಗೆ ಆ ಬೋಲ್ಟ್‌ಗಳನ್ನು ಬಿಗಿಯಿರಿ. ಹಿಂದುಮುಂದಾದರೆ ಎರಡು ಎರಕಗಳ ಮುಖ ಒಂದೇ ಸಮತಲಕ್ಕೆ ಬರದೆ ಹೊಸ ಗ್ಯಾಸ್ಕೆಟ್ ಕೂಡ ಮೊದಲ ದಿನದಿಂದಲೇ ಸೋರುತ್ತದೆ.

ಕ್ರ್ಯಾಂಕ್‌ಕೇಸ್ ವೆಂಟಿಲೇಟರ್ ವಾಲ್ವನ್ನು ಬಹಳ ಜನ ಮರೆಯುತ್ತಾರೆ. ಕ್ರ್ಯಾಂಕ್‌ಕೇಸ್‌ನ ಹಬೆಯನ್ನು ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಎಳೆಯುವ ಈ ಪುಟ್ಟ ವಾಲ್ವ್ ಐಡಲ್‌ನಲ್ಲಿ ಬಹುಪಾಲು ಮುಚ್ಚಿರಬೇಕು. ಕೆಸರು ಕಟ್ಟಿ ತೆರೆದೇ ನಿಂತರೆ ಅದು ದೊಡ್ಡ ಗಾಳಿ ಸೋರಿಕೆಗೆ ಸಮ. ವಾಲ್ವ್ ಕಳಚಿ ಮ್ಯಾನಿಫೋಲ್ಡ್‌ನ ರಂಧ್ರಕ್ಕೆ ತಾತ್ಕಾಲಿಕವಾಗಿ ಪ್ಲಗ್ ಹಾಕಿ ಓಡಿಸಿ. ಐಡಲ್ ಸ್ಥಿರವಾದರೆ ವಾಲ್ವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಳಗಿನ ಸ್ಪ್ರಿಂಗ್ ಆಡುತ್ತಿದೆಯೇ ನೋಡಿ ಮತ್ತೆ ಹಾಕಿ. ಪ್ಲಗ್ ಹಾಗೇ ಬಿಟ್ಟುಬಿಡುವುದು ಸರಿಯಲ್ಲ. ಕ್ರ್ಯಾಂಕ್‌ಕೇಸ್‌ನಲ್ಲಿ ತೇವ ಸೇರಿ ಎಣ್ಣೆ ಕೆಡುತ್ತದೆ.

ಮಿಕ್ಸ್‌ಚರ್ ಸ್ಕ್ರೂ ಕೊಡುವ ಉತ್ತರ

ಈಗ ಕಾರ್ಬ್ಯುರೇಟರ್. ಬಿಚ್ಚುವುದಕ್ಕೂ ಮೊದಲು ಒಂದು ಪ್ರಶ್ನೆ ಕೇಳಬೇಕು. ಇಂಜಿನ್ ಓಡುತ್ತಿರುವಾಗ ಐಡಲ್ ಮಿಕ್ಸ್‌ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ. ಬೆರಳ ತುದಿಯ ಬಲ ಸಾಕು. ಒತ್ತಿ ಬಿಗಿದರೆ ಸೂಜಿಯ ತುದಿಯಲ್ಲಿ ಉಂಗುರದಂತೆ ಗೆರೆ ಬಿದ್ದು ಮುಂದೆಂದೂ ಸೂಕ್ಷ್ಮವಾಗಿ ಹೊಂದದು. ಈ ಕಾರ್ಬ್ಯುರೇಟರ್‌ನಲ್ಲಿ ಒಳಗೆ ತಿರುಗಿಸಿದರೆ ಲೀನ್ (ಪೆಟ್ರೋಲ್ ಕಡಿಮೆ), ಹೊರಗೆ ತಿರುಗಿಸಿದರೆ ರಿಚ್ (ಪೆಟ್ರೋಲ್ ಹೆಚ್ಚು). ಬೇರೆ ವಾಹನದಲ್ಲಿ ಸ್ಕ್ರೂ ಥ್ರಾಟಲ್ ತಟ್ಟೆಗಿಂತ ಮೇಲಿದ್ದರೆ ಅದು ಸಾಮಾನ್ಯವಾಗಿ ಗಾಳಿಯನ್ನು ನಿಯಂತ್ರಿಸುತ್ತದೆ, ದಿಕ್ಕು ತಿರುವುಮುರುವು.

ಸ್ಕ್ರೂ ಪೂರ್ತಿ ಒಳಗೆ ಹೋದಾಗ ಇಂಜಿನ್ ನಿಲ್ಲಬೇಕು. ನಿಂತರೆ ಐಡಲ್ ದಾರಿ ಸ್ಕ್ರೂನ ಹಿಡಿತದಲ್ಲಿದೆ. ನಿಲ್ಲಲಿಲ್ಲ, ಏನೂ ಬದಲಾಗಲೂ ಇಲ್ಲ ಎಂದರೆ ಇಂಜಿನ್‌ಗೆ ಪೆಟ್ರೋಲ್ ಬೇರೆಲ್ಲಿಂದಲೋ ಬರುತ್ತಿದೆ. ಮೊದಲ ಅನುಮಾನ, ಥ್ರಾಟಲ್ ತಟ್ಟೆ ಹೆಚ್ಚು ತೆರೆದು ಮೇಲಿನ ಸೀಳು ಬಯಲಾಗಿದೆ. ಸ್ಪೀಡ್ ಸ್ಕ್ರೂ ಹಿಂದಕ್ಕೆ ತಿರುಗಿಸಿ ತಟ್ಟೆ ಮುಚ್ಚಿ ನೋಡಿ. ತಟ್ಟೆ ಮುಚ್ಚಿದರೆ ಇಂಜಿನ್ ಬದುಕುವುದಿಲ್ಲ ಎಂದಾದರೆ ತಡವಾದ ಟೈಮಿಂಗ್ ಅಥವಾ ಗಾಳಿ ಸೋರಿಕೆ ಇನ್ನೂ ಉಳಿದಿದೆ, ಹಿಂದಕ್ಕೆ ಹೋಗಿ. ಎರಡನೆಯದು, ಫ್ಲೋಟ್ ಮಟ್ಟ ಏರಿ ಮೇನ್ ನಾಜಲ್‌ನಿಂದಲೇ ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಏರ್ ಹಾರ್ನ್‌ನಿಂದ ಟಾರ್ಚ್ ಬಿಟ್ಟು ನೋಡಿದರೆ ಐಡಲ್‌ನಲ್ಲೂ ನಾಜಲ್ ತುದಿಯಲ್ಲಿ ಹನಿ ಕಾಣುತ್ತದೆ. ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ, ಪ್ಲಗ್‌ಗಳ ಮೇಲೆ ಒಣ ಮಸಿ ಇದಕ್ಕೆ ಜೊತೆ.

ಇದಕ್ಕೆ ವಿರುದ್ಧವಾದ ಉತ್ತರ: ಸ್ಕ್ರೂ ಮೂರು ನಾಲ್ಕು ಸುತ್ತು ಹೊರಗೆ ಬಂದರೂ ಇಂಜಿನ್ ಲೀನ್ ಆಗೇ ಇದೆ, ಚೋಕ್ ಸ್ವಲ್ಪ ಎಳೆದರೆ ಮಾತ್ರ ಸ್ಥಿರವಾಗಿ ಓಡುತ್ತದೆ. ಸೋರಿಕೆಗಳೆಲ್ಲ ಮುಚ್ಚಿದ ಮೇಲೂ ಹೀಗಿದ್ದರೆ ಐಡಲ್ ಜೆಟ್ ಅಥವಾ ಅದರ ಮುಂದಿನ ದಾರಿ ಕಟ್ಟಿದೆ. ಈಗ ಬಿಚ್ಚಿ.

ಬಿಚ್ಚಿದ ಮೇಲೆ

ಫ್ಲೋಟ್ ಮೊದಲು. ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ದ್ರವದ ಸದ್ದು ಬಂದರೆ ತೂತಾಗಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗ ಸಿಗುತ್ತದೆ. ಪೆಟ್ರೋಲ್ ತುಂಬಿದ ಫ್ಲೋಟ್‌ಗೆ ಹಾಗೇ ಬೆಸುಗೆ ಹಾಕಲು ಹೋಗಬೇಡಿ, ಸಿಡಿಯುತ್ತದೆ. ನೀಡಲ್ ವಾಲ್ವ್‌ನ ಶಂಕುವಿನಲ್ಲಿ ಉಂಗುರದ ಗುರುತು ಬಿದ್ದಿದ್ದರೆ ಸೀಟ್ ಸಮೇತ ಬದಲಿಸಿ, ಒಂದನ್ನೇ ಬದಲಿಸಿದರೆ ಪ್ರಯೋಜನವಿಲ್ಲ. ಮಟ್ಟ ಅಳೆಯಲು ಬೌಲ್ ಮುಚ್ಚಳವನ್ನು ಗ್ಯಾಸ್ಕೆಟ್ ಇಲ್ಲದೆ ತಲೆಕೆಳಗೆ ಹಿಡಿಯಿರಿ. ನೀಡಲ್ ಮುಚ್ಚಿರುವಾಗ ಮುಚ್ಚಳಕ್ಕೂ ಫ್ಲೋಟ್‌ಗೂ ನಡುವಿನ ಅಂತರ 3/8 ಇಂಚು, ಅಂದರೆ 9.5 ಮಿಲಿಮೀಟರ್. ಹೊಂದಿಸಲು ಫ್ಲೋಟ್‌ನ ತುಟಿಯನ್ನಷ್ಟೇ ಬಾಗಿಸಿ. ಫ್ಲೋಟನ್ನೇ ಒತ್ತಿ ಬಾಗಿಸಿದರೆ ನೀಡಲ್ ಸೀಟ್‌ಗೆ ಜಜ್ಜಿಕೊಳ್ಳುತ್ತದೆ.

ಫ್ಲೋಟ್ ಸರಿಯಿದ್ದೂ ಉಕ್ಕುತ್ತಿದ್ದರೆ ಪೆಟ್ರೋಲ್ ಪಂಪ್‌ನ ಒತ್ತಡ ಅಳೆಯಿರಿ. ಈ ಕಾರ್ಬ್ಯುರೇಟರ್‌ಗೆ ಬೇಕಾದುದು 2 ಪಿಎಸ್‌ಐ ಸುತ್ತಮುತ್ತ. ಆಧುನಿಕ ಎಲೆಕ್ಟ್ರಿಕ್ ಪಂಪ್ ಹಾಕಿ 5 ಪಿಎಸ್‌ಐ ತಳ್ಳಿದರೆ ಯಾವ ನೀಡಲ್ ಕೂಡ ತಡೆಯಲಾರದು; ರೆಗ್ಯುಲೇಟರ್ ಹಾಕಿ ಅಥವಾ ಮೂಲ ಪಂಪ್‌ಗೆ ಮರಳಿ.

ಐಡಲ್ ಜೆಟ್ ಹೊರತೆಗೆದು ಬೆಳಕಿಗೆ ಹಿಡಿದರೆ ರಂಧ್ರದ ಆಚೆ ದುಂಡಗಿನ ಬೆಳಕಿನ ಚುಕ್ಕೆ ಕಾಣಬೇಕು. ಚುಕ್ಕೆ ಅರ್ಧಚಂದ್ರದಂತಿದ್ದರೆ ಒಳಗೆ ಅಂಟು ಕೂತಿದೆ, ನಿಲ್ಲಿಸಿಟ್ಟ ಜೀಪಿನಲ್ಲಿ ಪೆಟ್ರೋಲ್ ಆವಿಯಾಗಿ ಉಳಿದ ಕಂದು ಮೇಣ. ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿ, ನೈಲಾನ್ ಎಳೆ ಆಡಿಸಿ, ಗಾಳಿ ಹೊಡೆಯಿರಿ. ತಂತಿ ಅಥವಾ ಡ್ರಿಲ್ ಬಿಟ್ ಬೇಡವೇ ಬೇಡ; ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಆ ಜೆಟ್ ಮುಗಿಯಿತು. ಕಾಸ್ಟಿಕ್ ಸೋಡಾ ದ್ರಾವಣದಲ್ಲೂ ಅದ್ದಬೇಡಿ, ಹಳೆಯ ಕಾರ್ಬ್ಯುರೇಟರ್‌ಗಳ ಸತು ಮಿಶ್ರಲೋಹದ ಎರಕವನ್ನು ಅದು ತಿಂದುಹಾಕುತ್ತದೆ. ಮರಳಿ ಹಾಕುವಾಗ ಜೆಟ್ ತನ್ನ ಸೀಟಿನ ಮೇಲೆ ಬಿಗಿಯಾಗಿ ಕೂರಬೇಕು, ಇಲ್ಲದಿದ್ದರೆ ಪೆಟ್ರೋಲ್ ಅಳತೆಯ ರಂಧ್ರ ಬಿಟ್ಟು ಪಕ್ಕದಿಂದ ನುಸುಳುತ್ತದೆ.

ಐಡಲ್ ದಾರಿ ಬಾಡಿಯಿಂದ ಬುಡದ ಎರಕಕ್ಕೆ ಗ್ಯಾಸ್ಕೆಟ್ ದಾಟಿ ಹೋಗುತ್ತದೆ. ರಿಪೇರಿ ಕಿಟ್‌ನ ಗ್ಯಾಸ್ಕೆಟ್‌ನಲ್ಲಿ ಆ ರಂಧ್ರ ಸರಿಯಾದ ಕಡೆ ಇದೆಯೇ ಎಂದು ಹಳೆಯದರ ಮೇಲೆ ಇಟ್ಟು ನೋಡಿ. ತಿರುವಿ ಹಾಕಿದ ಗ್ಯಾಸ್ಕೆಟ್‌ನಿಂದ ಐಡಲ್ ಪೂರ್ತಿ ಸತ್ತ ಕಾರ್ಬ್ಯುರೇಟರ್ ಹೊರಗಿನಿಂದ ನೋಡಲು ಹೊಸದರಂತಿರುತ್ತದೆ, ದೋಷ ಹುಡುಕುವವರಿಗೆ ತಲೆ ಕೆಡುತ್ತದೆ. ಜೋಡಿಸುವ ಮುನ್ನ ಮಿಕ್ಸ್‌ಚರ್ ಸ್ಕ್ರೂ ಕಳಚಿ, ಜೆಟ್‌ನ ಜಾಗದಿಂದ ಕ್ಲೀನರ್ ಸ್ಪ್ರೇ ಮಾಡಿ. ತಟ್ಟೆಯ ಬಳಿಯ ಸೀಳಿನಿಂದಲೂ ಸ್ಕ್ರೂ ರಂಧ್ರದಿಂದಲೂ ಧಾರೆ ಬರಬೇಕು. ಕಣ್ಣಿಗೆ ಕನ್ನಡಕ ಇರಲಿ.

ಥ್ರಾಟಲ್ ತಟ್ಟೆ ಬಿಚ್ಚಿದ್ದರೆ ಮರಳಿ ಕೂರಿಸುವಾಗ ಅದರ ಮೇಲಿನ ಕಾರ್ಟರ್ ಗುರುತು, ಅಂದರೆ ವೃತ್ತದೊಳಗಿನ ಸಿ ಅಕ್ಷರ, ಐಡಲ್ ರಂಧ್ರದ ಕಡೆಗಿದ್ದು ಬುಡದ ಕಡೆಯಿಂದ ನೋಡಿದಾಗ ಕಾಣಬೇಕು. ಸ್ಪೀಡ್ ಸ್ಕ್ರೂ ಹಿಂದಕ್ಕೆ ಬಿಟ್ಟು, ತಟ್ಟೆಯ ತಿರುಪುಗಳನ್ನು ಸಡಿಲವಾಗಿಟ್ಟು, ತಟ್ಟೆ ಮುಚ್ಚಿ ಮೆಲ್ಲಗೆ ತಟ್ಟಿ ಕೇಂದ್ರಕ್ಕೆ ಬರಲಿ, ಆಮೇಲೆ ಬಿಗಿಯಿರಿ. ಬೆಳಕಿಗೆ ಹಿಡಿದಾಗ ಅಂಚಿನ ಸುತ್ತ ಒಂದು ಕಡೆ ಮಾತ್ರ ಸೀಳು ಕಾಣಬಾರದು. ತಿರುಪುಗಳ ಬಾಲ ಜಜ್ಜಿ ಭದ್ರಪಡಿಸುವುದನ್ನು ಮರೆತರೆ ಅವು ಕಳಚಿ ಸಿಲಿಂಡರ್ ಸೇರುತ್ತವೆ.

ಈಗ ಸಿಗುವ ಹೊಸ ನಕಲು ಕಾರ್ಬ್ಯುರೇಟರ್‌ಗಳ ಬಗ್ಗೆಯೂ ಎಚ್ಚರ ಬೇಕು. ಡ್ರಿಲ್ ಮಾಡಿದ ಲೋಹದ ಪುಡಿ ದಾರಿಗಳಲ್ಲೇ ಉಳಿದಿರಬಹುದು, ಐಡಲ್ ಸೀಳು ತಟ್ಟೆಯ ಅಂಚಿಗೆ ಹೊಂದದೆ ಮೇಲೋ ಕೆಳಗೋ ಇರಬಹುದು. ಹೊಸದೆಂದು ನಂಬಿ ನೇರ ಹಾಕದೆ ಮೇಲಿನ ಪರೀಕ್ಷೆಗಳನ್ನು ಅದಕ್ಕೂ ಮಾಡಿ. ಸವೆದರೂ ಮೂಲ ಕಾರ್ಟರ್ ಕೈಯಲ್ಲಿದ್ದರೆ ಅದಕ್ಕೆ ಬುಶ್ ಹಾಕಿಸುವುದೇ ನಮ್ಮ ಸಲಹೆ.

ಕೊನೆಯ ಹೊಂದಾಣಿಕೆ

1. ಮಿಕ್ಸ್‌ಚರ್ ಸ್ಕ್ರೂ ಹಗುರವಾಗಿ ತಳ ಮುಟ್ಟಿಸಿ, ಒಂದರಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಇಂಜಿನ್ ಪೂರ್ತಿ ಬಿಸಿಯಾಗಲಿ.
2. ಸ್ಪೀಡ್ ಸ್ಕ್ರೂನಿಂದ 600ಕ್ಕೆ ತನ್ನಿ. ಟ್ಯಾಕೋಮೀಟರ್ ಇದ್ದರೆ ಒಳ್ಳೆಯದು, ಕಿವಿಯ ಅಂದಾಜಿಗೆ ಬಿಟ್ಟರೆ ಎಲ್ಲರೂ 800ಕ್ಕೆ ಇಡುತ್ತಾರೆ.
3. ಮಿಕ್ಸ್‌ಚರ್ ಸ್ಕ್ರೂ ಕಾಲು ಸುತ್ತಿನಷ್ಟೇ ಒಳಗೆ ತಿರುಗಿಸಿ, ಐದಾರು ಸೆಕೆಂಡ್ ಕಾಯಿರಿ. ಎಡವಲು ಶುರುವಾಗುವ ಜಾಗ ಗುರುತಿಟ್ಟುಕೊಳ್ಳಿ. ಹೊರಗೆ ತಿರುಗಿಸುತ್ತ ಭಾರವಾಗಿ ಉರುಳಾಡುವ ಜಾಗವನ್ನೂ ಗುರುತಿಡಿ. ಇವೆರಡರ ನಡುವೆ ವ್ಯಾಕ್ಯೂಮ್ ಮುಳ್ಳು ಅತಿ ಎತ್ತರಕ್ಕೆ ಏರಿ ನಿಲ್ಲುವಲ್ಲಿ ಬಿಡಿ.
4. ಈಗ ವೇಗ ಏರಿರುತ್ತದೆ. ಸ್ಪೀಡ್ ಸ್ಕ್ರೂ ಹಿಂದಕ್ಕೆ ತಂದು 600 ಮಾಡಿ, ಮೂರನೇ ಹೆಜ್ಜೆ ಮತ್ತೊಮ್ಮೆ ಮಾಡಿ.

ಸ್ಕ್ರೂ ಅರ್ಧ ಸುತ್ತಿಗಿಂತ ಕಡಿಮೆ ಅಥವಾ ಎರಡು ಸುತ್ತಿಗಿಂತ ಹೆಚ್ಚು ಹೊರಗಿರುವಾಗ ಮಾತ್ರ ಇಂಜಿನ್ ಸ್ಥಿರವಾಗಿ ಓಡುತ್ತಿದ್ದರೆ ಕೆಲಸ ಮುಗಿದಿಲ್ಲ, ಎಲ್ಲೋ ಒಂದು ದೋಷವನ್ನು ಸ್ಕ್ರೂ ಮುಚ್ಚಿಡುತ್ತಿದೆ.

ಹೊಂದಿಸಿದ ಮೇಲೆ ಒಂದಷ್ಟು ದೂರ ಓಡಿಸಿ ಬಂದು, ಇಂಜಿನ್ ಆಫ್ ಮಾಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಈ ಹೊತ್ತಿನಲ್ಲಿ ಮಾತ್ರ ಐಡ್ಲಿಂಗ್ ಕೆಟ್ಟು, ಪೆಟ್ರೋಲ್ ವಾಸನೆ ಬಂದು, ಒಂದೆರಡು ನಿಮಿಷದಲ್ಲಿ ತಾನೇ ಸರಿಹೋದರೆ ಬೌಲ್‌ನಲ್ಲಿ ಪೆಟ್ರೋಲ್ ಕುದಿದು ನಾಜಲ್‌ನಿಂದ ಉಕ್ಕುತ್ತಿದೆ. ಆಗ ಸ್ಕ್ರೂ ಮುಟ್ಟಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಹೀಟ್ ಕಂಟ್ರೋಲ್ ವಾಲ್ವ್ ತುಕ್ಕು ಹಿಡಿದು ಬಿಸಿಯ ಕಡೆಗೇ ಕಚ್ಚಿಕೊಂಡಿದೆಯೇ ನೋಡಿ. ಇಂಜಿನ್ ತಣ್ಣಗಾದ ಮೇಲೆ ಅದರ ತೂಕದ ಲಿವರ್ ಕೈಯಿಂದ ತಿರುಗಬೇಕು, ಬಿಟ್ಟಾಗ ಸ್ಪ್ರಿಂಗ್ ಎಳೆತಕ್ಕೆ ಮರಳಬೇಕು. ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಶಾಫ್ಟಿನ ತುದಿಗೆ ಸಣ್ಣ ಸುತ್ತಿಗೆಯಿಂದ ಹಿಂದೆ ಮುಂದೆ ಮೆಲ್ಲಗೆ ತಟ್ಟುತ್ತ ಬಿಡಿಸಿ, ಕೊನೆಗೆ ಗ್ರ್ಯಾಫೈಟ್ ಪುಡಿ ಹಾಕಿ. ಸಾಮಾನ್ಯ ಎಣ್ಣೆ ಹಾಕಿದರೆ ಸುಟ್ಟು ಕರಕಲಾಗಿ ಮತ್ತೆ ಕಚ್ಚಿಕೊಳ್ಳುತ್ತದೆ.